ಸೂಜಿಯ ಪರ ಸಾಕ್ಷಿ ಯಾರು?



ಮುಧೋಳಕ್ಕೆ ದತ್ತಿ ಉಪನ್ಯಾಸಕ್ಕೆ ಹೊರಟಿದ್ದೇನೆ ಅಂದಾಗ ಬೆಂಗಳೂರಿನ ಗೆಳೆಯರೊಬ್ಬರು, ‘ಬರುವಾಗ ಒಂದು ನಾಯಿಮರಿ ತಂದುಬಿಡಿ’ ಅಂದರು. ಅದು ಬಾಗಲಕೋಟೆ ಜಿಲ್ಲೆಯ ಮುಧೋಳ, ಬೇಟೆನಾಯಿಯ ಊರು, ರನ್ನನ ಊರು. ನಾನು ಹೊರಟಿರುವುದು ಸೇಡಂ ತಾಲ್ಲೂಕಿನ ಮುಧೋಳಕ್ಕೆ, ತೊಗರಿ ಹೊಲ ದಾಟಿದರೆ ತೆಲಂಗಾಣ ಶುರುವಾಗುವ ಕಡೆಗೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಹೆಸರು ಒಂದು, ಊರು ಎರಡು. ಇದನ್ನು ನೆನಪಿನಲ್ಲಿಡಿ. ಸ್ವಲ್ಪ ಹೊತ್ತಿಗೆ ಒಂದು ಕಾಯಿಲೆಯ ವಿಷಯದಲ್ಲೂ ಇದೇ ಫಜೀತಿ ಬರಲಿದೆ.

ನಾನು ಡಾಕ್ಟರಲ್ಲ. ಡಾಕ್ಟರಾಗುವ ಹುಡುಗರಿಗೆ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತನಾದವನು. ನಾಡಿ ಹಿಡಿಯಲು ನನಗೆ ಬಾರದು. ನಾಡಿ ಹಿಡಿದವರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಲೆಕ್ಕ ಹಾಕುವುದು ನನ್ನ ಕಸುಬು. ಇಂಥವನನ್ನು ಆರೋಗ್ಯದ ಬಗ್ಗೆ ಮಾತಾಡಲು ಕರೆದಿರುವುದು ನಿಮ್ಮ ಧೈರ್ಯ.

ಎರಡು ವರ್ಷದ ಹಿಂದೆ ಈ ಸೀಮೆಯ ಮಾಸ್ತರೊಬ್ಬರ ಮಗಳು ನಮ್ಮ ಮನೆಗೆ ಬಂದಿದ್ದಳು. ಊರಿನ ಹೆಸರು ಬೇಡ. ಅಪ್ಪನ ಕೈಯಿಂದ ಮೊದಲು ಸೀಮೆಸುಣ್ಣ ಜಾರತೊಡಗಿತಂತೆ. ಆಮೇಲೆ ಅಂಗಿಯ ಗುಂಡಿ ಹಾಕಲು ಬರಲಿಲ್ಲ, ಆಮೇಲೆ ರೊಟ್ಟಿ ಮುರಿಯಲು ಬರಲಿಲ್ಲ. ಕುತ್ತಿಗೆಯ ಎಲುಬು ಸವೆದಿದೆ ಅಂದರು ಒಬ್ಬರು. ಎಣ್ಣೆ ತಿಕ್ಕಿಸಿದರು. ಕಲಬುರಗಿ ಆಯಿತು, ಸೇಡಂನಲ್ಲಿ ರೈಲು ಹತ್ತಿ ಹೈದರಾಬಾದೂ ಆಯಿತು. ವರ್ಷ ತುಂಬುವ ಹೊತ್ತಿಗೆ ಎ.ಎಲ್.ಎಸ್. ಎಂದು ಬರೆದುಕೊಟ್ಟು, ರಿಲುಜೋಲ್ ಗುಳಿಗೆ ಕೊಟ್ಟು ಕಳಿಸಿದರು. ಅದೇ ವಾರ ಅವಳ ಮೊಬೈಲಿಗೆ ಒಂದು ವಿಡಿಯೊ ಬಂತು. ದೂರದ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಸ್ಟೆಮ್ ಸೆಲ್ ಸೂಜಿ ಹಾಕಿಸಿಕೊಂಡವರು ಚಹಾದ ಕಪ್ಪನ್ನು ತಾವೇ ಎತ್ತಿ ಕುಡಿಯುತ್ತಾರೆ, ಕೈಮುಗಿಯುತ್ತಾರೆ, ಹೆಂಡತಿ ಕಣ್ಣೊರೆಸಿಕೊಳ್ಳುತ್ತಾಳೆ. ಅದನ್ನು ನನಗೂ ತೋರಿಸಿ ಆಕೆ ಕೇಳಿದಳು: ‘ಎರಡೆಕರೆ ಮಾರಿದ್ರ ಆಗತದ್ರಿ ಸರ್. ಆ ಸೂಜಿಯಿಂದ ಬ್ಯಾನಿ ನಿಧಾನ ಆಗತದೇನು, ಅಷ್ಟು ಹೇಳ್ರಿ.’

ವಾಸಿ ಆಗತದೇನು ಎಂದು ಅವಳು ಕೇಳಲಿಲ್ಲ, ನಿಧಾನ ಆಗತದೇನು ಎಂದಳು. ಇಷ್ಟು ಸರಿಯಾಗಿ ಈ ಪ್ರಶ್ನೆಯನ್ನು ಕೇಳಿದವರನ್ನು ನಾನು ಕಾಲೇಜಿನಲ್ಲೂ ಹೆಚ್ಚು ಕಂಡಿಲ್ಲ. ಇವತ್ತಿನ ನನ್ನ ಮಾತೆಲ್ಲ ಆ ‘ನಿಧಾನ’ ಅನ್ನುವ ಪದದ ಮೇಲೆ ನಿಂತಿದೆ.

ಕಾಯಿಲೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಮಿದುಳಿನಿಂದ ಬೆನ್ನುಹುರಿಗೆ, ಅಲ್ಲಿಂದ ಕೈಕಾಲು ನಾಲಗೆ ಎದೆಯ ಸ್ನಾಯುಗಳಿಗೆ ಅಪ್ಪಣೆ ಒಯ್ಯುವ ನರಕೋಶಗಳಿವೆ. ಮೋಟಾರ್ ನ್ಯೂರಾನ್ ಅನ್ನುತ್ತಾರೆ. ಬೆನ್ನುಹುರಿಯಿಂದ ಪಾದದವರೆಗೆ ಚಾಚಿಕೊಂಡ ಒಂದೊಂದು ಕೋಶದ ಎಳೆ ಹತ್ತಿರ ಹತ್ತಿರ ಒಂದು ಮೀಟರ್ ಉದ್ದ. ಎ.ಎಲ್.ಎಸ್.ನಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಅಪ್ಪಣೆ ಬಾರದ ಸ್ನಾಯು ಕರಗುತ್ತದೆ. ಕಣ್ಣು ಕಾಣುತ್ತದೆ, ಕಿವಿ ಕೇಳುತ್ತದೆ, ಮುಟ್ಟಿದ್ದು ತಿಳಿಯುತ್ತದೆ, ಹೆಚ್ಚಿನವರಲ್ಲಿ ಬುದ್ಧಿಯೂ ಸರಿಯಾಗಿರುತ್ತದೆ. ಕೊನೆಗೆ ಉಸಿರಾಟದ ಸ್ನಾಯು ಸೋಲುತ್ತದೆ. ರಿಲುಜೋಲ್ 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು; ಪ್ರಯೋಗಗಳಲ್ಲಿ ಅದು ಕೂಡಿಸಿಕೊಟ್ಟ ಆಯುಸ್ಸು ಸರಾಸರಿ ಎರಡು ಮೂರು ತಿಂಗಳು. ಮೂವತ್ತು ವರ್ಷದ ಹುಡುಕಾಟದ ನಂತರವೂ ಎಲ್ಲ ರೋಗಿಗಳಿಗೂ ಕೊಡಬಹುದಾದದ್ದು ಇದಕ್ಕಿಂತ ಬಹಳ ಮುಂದೆ ಹೋಗಿಲ್ಲ. ಅದಕ್ಕೇ ಜನ ಹೊಲ ಮಾರಲು ಹೊರಡುತ್ತಾರೆ. ಅವರನ್ನು ಮೂರ್ಖರು ಅನ್ನುವವರ ಪಂಗಡಕ್ಕೆ ನಾನು ಸೇರಿದವನಲ್ಲ.

ಸ್ಟೆಮ್ ಸೆಲ್ ಎಂಬ ಆಕರಕೋಶದ ಸೂಜಿ ಅಂದರೆ, ಸಾಮಾನ್ಯವಾಗಿ ಸೊಂಟದ ಎಲುಬಿನಿಂದ ರೋಗಿಯದೇ ಮಜ್ಜೆ ತೆಗೆದು, ಅದರಲ್ಲಿರುವ ಕೋಶಗಳನ್ನು ಬೇರ್ಪಡಿಸಿ, ಕೆಲವೆಡೆ ಬೆಳೆಸಿ, ಬೆನ್ನಿನಿಂದ ಬೆನ್ನುಹುರಿಯ ದ್ರವಕ್ಕೆ ಬಿಡುವುದು. ಸತ್ತ ನರದ ಜಾಗದಲ್ಲಿ ಹೊಸ ನರ ಬೆಳೆಯುತ್ತದೆ ಎಂದು ಏಜೆಂಟರು ಹೇಳುತ್ತಾರೆ. ಗಂಭೀರ ವಿಜ್ಞಾನಿಗಳು ಹಾಗೆ ಹೇಳುವುದಿಲ್ಲ. ಈ ಕೋಶಗಳು ಉಳಿದಿರುವ ನರಗಳಿಗೆ ಬೇಕಾದ ಪೋಷಕಾಂಶ ಸುರಿಸಬಹುದು, ಉರಿಯೂತ ತಗ್ಗಿಸಬಹುದು, ಆದ್ದರಿಂದ ಸಾವು ನಿಧಾನವಾಗಬಹುದು ಎನ್ನುವುದು ಅವರ ಊಹೆ. ಊಹೆ ಬುದ್ಧಿವಂತಿಕೆಯದೇ. ಆದರೆ ಮತ್ತೆ ಅದೇ ಪದಕ್ಕೆ ಬಂದೆವು: ನಿಧಾನ.

ಈ ನಿಧಾನವನ್ನು ಯಾರೂ ಕಣ್ಣಿನಿಂದ ನೋಡಲಾರರು. ಕೈ ಎತ್ತಿದ್ದು ಕಾಣುತ್ತದೆ, ಕಪ್ ಹಿಡಿದದ್ದು ಕಾಣುತ್ತದೆ. ನಿಧಾನ ಅಂದರೆ ಈಗ ಆಗುತ್ತಿರುವುದಕ್ಕೂ, ಸೂಜಿ ಹಾಕಿಸದೆ ಹೋಗಿದ್ದರೆ ಆಗುತ್ತಿದ್ದುದಕ್ಕೂ ಇರುವ ಅಂತರ. ಆ ಎರಡನೆಯದು ನಡೆಯಲೇ ಇಲ್ಲ. ನಡೆಯದ್ದನ್ನು ಕಂಡವರು ಯಾರು?

ಇಲ್ಲಿ ನಮ್ಮ ಸೀಮೆಯವನೇ ಒಬ್ಬನನ್ನು ಸಭೆಗೆ ಕರೆಯುತ್ತೇನೆ. ಶಹಾಬಾದಿನ ಹತ್ತಿರದ ಮರತೂರು ವಿಜ್ಞಾನೇಶ್ವರನ ಊರೆಂದು ಹೆಸರಾದದ್ದು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ಎಂಬ ಟೀಕೆ ಆಸ್ತಿ ಹಂಚಿಕೆಯ ಕಾನೂನಿಗಾಗಿ ದೇಶಕ್ಕೆಲ್ಲ ಗೊತ್ತು. ಬ್ರಿಟಿಷರ ಕೋರ್ಟುಗಳೂ ಅದನ್ನು ಹಿಡಿದೇ ತೀರ್ಪು ಕೊಟ್ಟವು. ಆದರೆ ಆ ಗ್ರಂಥದಲ್ಲಿ ವ್ಯವಹಾರದ ಭಾಗವೂ ಇದೆ, ಅಂದರೆ ದಾವೆ ನಡೆಸುವ ಬಗೆ. ಪ್ರಮಾಣ ಯಾವುದು, ಬರಹ ಯಾವಾಗ ಸಲ್ಲುತ್ತದೆ, ಭೋಗ ಯಾವಾಗ ಸಲ್ಲುತ್ತದೆ, ಸಾಕ್ಷಿ ಎಂಥವನಿರಬೇಕು ಎಂಬ ವಿಚಾರಣೆ ಅಲ್ಲಿದೆ. ಸಾಕ್ಷಿ ಅಂದರೆ ಕಣ್ಣಾರೆ ಕಂಡವನು. ಒಬ್ಬ ಸಾಲದು, ಕನಿಷ್ಠ ಮೂವರು ಬೇಕು. ಸಾಕ್ಷಿಯಾಗಲು ಸಲ್ಲದವರ ಒಂದು ಪಟ್ಟಿಯೂ ಇದೆ. ಆ ಪಟ್ಟಿಯಲ್ಲಿ ಹೆಂಗಸರನ್ನೂ ಸೇರಿಸಿದ್ದಾರೆ. ಅದನ್ನು ಇವತ್ತು ನಾನು ಸಮರ್ಥಿಸಿದರೆ ಇಲ್ಲಿ ಕೂತ ತಾಯಂದಿರು ನನ್ನನ್ನು ವೇದಿಕೆಯಿಂದ ಇಳಿಸಬೇಕು. ಆದರೆ ಅದೇ ಪಟ್ಟಿಯ ಒಂದು ಪದ ನನಗೆ ಬಹಳ ಹಿಡಿಸಿದೆ: ಅರ್ಥಸಂಬಂಧಿ. ದಾವೆಯ ವಿಷಯದಲ್ಲಿ ತನ್ನ ಲಾಭನಷ್ಟ ಸೇರಿಕೊಂಡವನು.

ವಿಡಿಯೊದಲ್ಲಿ ಕಪ್ ಎತ್ತಿದವರು ಸುಳ್ಳು ಹೇಳುತ್ತಿಲ್ಲ. ಅವರ ಕೈ ಎದ್ದದ್ದು ನಿಜ, ಸಂತೋಷ ನಿಜ. ಆದರೆ ಲಕ್ಷಾಂತರ ರೂಪಾಯಿ ಸುರಿದವರು ಅವರು. ಪ್ರಯೋಜನವಾಗಲಿಲ್ಲ ಎಂದು ಒಪ್ಪಿಕೊಳ್ಳುವುದು ಅಂದರೆ ಹೆಂಡತಿಯ ಬಂಗಾರ ವ್ಯರ್ಥವಾಯಿತೆಂದು ಒಪ್ಪಿಕೊಂಡಂತೆ. ಸೂಜಿ ಹಾಕಿದವರ ಮಾತನ್ನಂತೂ ಬಿಡಿ, ಅವರ ಅಂಗಡಿಯೇ ಅದು. ಮಗಳು, ಹೆಂಡತಿ, ಅಣ್ಣತಮ್ಮ ಆಪ್ತರು. ಸಲ್ಲದವರ ಆ ಪಟ್ಟಿಯಲ್ಲಿ ಆಪ್ತರೂ ಇದ್ದಾರೆ. ರೋಗಿಯ ಮೈಯ ಬಗ್ಗೆ ಇವರೆಲ್ಲ ಒಳ್ಳೆಯ ಸಾಕ್ಷಿಗಳು. ಸೂಜಿಯ ಬಗ್ಗೆ ಮಾತ್ರ ಸಾಕ್ಷಿಗಳಲ್ಲ, ಏಕೆಂದರೆ ಸೂಜಿ ಮಾಡಿದ್ದನ್ನು ಅವರು ಕಂಡಿಲ್ಲ.

ಹಾಗಾದರೆ ಬರಹ? ಈ ಕಾಯಿಲೆಯ ಓಟ ಅಳೆಯಲು ಒಂದು ಅಂಕಪಟ್ಟಿ ಇದೆ. ಹನ್ನೆರಡು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು, ಒಟ್ಟು 48. ಮಾತು, ಜೊಲ್ಲು, ನುಂಗುವುದು, ಅಕ್ಷರ ಬರೆಯುವುದು, ಬಟ್ಟೆ ತೊಡುವುದು, ಹಾಸಿಗೆಯಲ್ಲಿ ಮಗ್ಗುಲಾಗುವುದು, ನಡೆಯುವುದು, ಮೆಟ್ಟಿಲು ಹತ್ತುವುದು, ಉಸಿರು. ಊಟ ಕತ್ತರಿಸಿಕೊಳ್ಳಲು ಬರುತ್ತದೆಯೇ ಎಂಬ ಪ್ರಶ್ನೆಯೂ ಇದೆ. ಚಾಕು ಹಿಡಿದು ಉಣ್ಣುವವರಿಗಾಗಿ ಬರೆದದ್ದು. ಮಾಸ್ತರ ಮನೆಯಲ್ಲಿ ಅದನ್ನು ನಾವು ಜೋಳದ ರೊಟ್ಟಿ ಮುರಿಯುವುದಕ್ಕೆ ಬದಲಿಸಿಕೊಂಡೆವು. ಪ್ರಯೋಗಗಳಿಗೆ ಸೇರಿದವರಲ್ಲಿ ಈ ಅಂಕ ತಿಂಗಳಿಗೆ ಸುಮಾರು ಒಂದರಂತೆ ಇಳಿಯುತ್ತದೆ.

‘ಸುಮಾರು’ ಅನ್ನುವ ಮಾತಿನಲ್ಲೇ ಎಲ್ಲ ಮೋಸ ಅಡಗಿದೆ. ಸರಾಸರಿ ಇಳಿಜಾರು ನೆಟ್ಟಗಿರುತ್ತದೆ. ಒಬ್ಬೊಬ್ಬ ಮನುಷ್ಯನ ಇಳಿಜಾರು ಹಾಗಿರುವುದಿಲ್ಲ. ಹಳೆಯ ಅನೇಕ ಪ್ರಯೋಗಗಳ ಸಾವಿರಾರು ರೋಗಿಗಳ ದಾಖಲೆ ಒಟ್ಟುಗೂಡಿಸಿದ ಪ್ರೊ-ಆಕ್ಟ್ ಎಂಬ ಭಂಡಾರವಿದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಬೆಡ್ಲಾಕ್ ಮತ್ತು ಸಂಗಡಿಗರು 2016ರಲ್ಲಿ ಅದನ್ನು ಜಾಲಾಡಿ ನೋಡಿದರು. ನೂರರಲ್ಲಿ 25 ಜನರಿಗೆ ಆರು ತಿಂಗಳ ಕಾಲ ಅಂಕ ಇಳಿದಿರಲೇ ಇಲ್ಲ. 16 ಜನರಿಗೆ ಒಂದು ವರ್ಷ, 7 ಜನರಿಗೆ ಒಂದೂವರೆ ವರ್ಷ ಇಳಿದಿರಲಿಲ್ಲ. ಆರು ತಿಂಗಳ ಅವಧಿಯಲ್ಲಿ ಅಂಕ ಅಲ್ಪಸ್ವಲ್ಪ ಏರಿದವರೂ ಇದ್ದರು. ನಾಲ್ಕು ಅಂಕ ಏರಿ ವರ್ಷ ಪೂರ್ತಿ ನಿಂತವರು ಮಾತ್ರ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅಂದರೆ ಸೂಜಿ ಹಾಕಿಸಿದ ಮೇಲೆ ‘ಆರು ತಿಂಗಳಾಯ್ತು, ಹಂಗೇ ನಿಂತದ’ ಅನ್ನುವ ಮಾತು ಕೇಳಿದರೆ, ಸೂಜಿ ಇಲ್ಲದೆಯೂ ನಾಲ್ವರಲ್ಲಿ ಒಬ್ಬರು ಅದನ್ನು ಹೇಳಬಹುದಿತ್ತು.

ಇನ್ನು ನಮ್ಮ ಕಡೆಯ ಲೆಕ್ಕ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ನಳಿನಿ ಮತ್ತು ಅವರ ತಂಡ ಮೂವತ್ತು ವರ್ಷಗಳಲ್ಲಿ ನೋಡಿದ 1,153 ಎ.ಎಲ್.ಎಸ್. ರೋಗಿಗಳ ವಿವರವನ್ನು 2008ರಲ್ಲಿ ಪ್ರಕಟಿಸಿತು. ಕಾಯಿಲೆ ಶುರುವಾದ ಸರಾಸರಿ ವಯಸ್ಸು 46. ಪಶ್ಚಿಮದಲ್ಲಿ ಇದಕ್ಕಿಂತ ಹತ್ತು ವರ್ಷಕ್ಕೂ ಹೆಚ್ಚು ತಡ. ಬದುಕುಳಿದ ಕಾಲದ ಮಧ್ಯಾಂಕ ಸುಮಾರು 115 ತಿಂಗಳು, ಒಂಬತ್ತೂವರೆ ವರ್ಷ. ಪಶ್ಚಿಮದ ಪುಸ್ತಕಗಳಲ್ಲಿ ಮೂರರಿಂದ ಐದು ವರ್ಷ ಎಂದು ಬರೆದಿರುತ್ತದೆ. ಆಸ್ಪತ್ರೆಗೆ ತಿರುಗಿ ಬಾರದವರು ಎಲ್ಲ ಲೆಕ್ಕವನ್ನೂ ಕೆಡಿಸುತ್ತಾರೆ, ಹಾಗಾಗಿ 115 ಎಂಬ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಬೇಡಿ. ಆದರೆ ಒಂದು ಮಾತು ಖಚಿತ: ಇಲ್ಲಿಯ ರೋಗಿಯೊಬ್ಬನನ್ನು ಅಮೆರಿಕದ ಪುಸ್ತಕದ ಪಕ್ಕ ನಿಲ್ಲಿಸಿ, ‘ನೋಡಿ, ಐದು ವರ್ಷ ದಾಟಿಸಿದೆವು’ ಅನ್ನುವವರ ಲೆಕ್ಕ ತಪ್ಪು.

ಈಗ ಎರಡು ಮುಧೋಳದ ಮಾತಿಗೆ ಬರೋಣ. ಮೋಟಾರ್ ನ್ಯೂರಾನ್ ಕಾಯಿಲೆ ಅನ್ನುವ ಹೆಸರಿನ ಕೆಳಗೆ ಬೇರೆ ಬೇರೆ ಊರುಗಳಿವೆ. 1970ರಲ್ಲಿ ಮದ್ರಾಸಿನ ಮೀನಾಕ್ಷಿಸುಂದರಂ ಮತ್ತು ಸಂಗಡಿಗರು ಒಂದು ಬಗೆಯನ್ನು ವರ್ಣಿಸಿದರು: ಎಳೆಯ ವಯಸ್ಸಿನಲ್ಲಿ ಶುರು, ಕೈಕಾಲು ಬಡವಾಗುವುದು, ಮುಖ ಸೋಲುವುದು, ಕಿವುಡು, ಆದರೆ ದಶಕಗಳವರೆಗೆ ಬದುಕು. ಮದ್ರಾಸ್ ಬಗೆ ಎಂದು ಅದಕ್ಕೆ ಹೆಸರು. ನಿಮ್ಹಾನ್ಸ್ ಕರ್ನಾಟಕದಲ್ಲೂ ಅಂಥವರನ್ನು ಕಂಡಿದೆ. 1984ರಲ್ಲಿ ಅದೇ ಬೆಂಗಳೂರಿನಿಂದ ಡಾ. ಗೌರಿದೇವಿ, ಸುರೇಶ್, ಶಂಕರ್ ಇನ್ನೊಂದನ್ನು ಬರೆದರು: ಹದಿವಯಸ್ಸು ದಾಟಿದ ಹುಡುಗರಲ್ಲಿ ಒಂದೇ ಕೈ ಅಥವಾ ಒಂದೇ ಕಾಲು ಸಣ್ಣಗಾಗುತ್ತದೆ, ಕೆಲವು ವರ್ಷ ಮುಂದುವರಿಯುತ್ತದೆ, ಆಮೇಲೆ ತಾನಾಗಿ ನಿಂತುಬಿಡುತ್ತದೆ. ಜಪಾನಿನಲ್ಲಿ ಹಿರಾಯಾಮ ಅದಕ್ಕೂ ಮೊದಲೇ ಕೈಯಲ್ಲಿ ಇಂಥದ್ದನ್ನು ಕಂಡಿದ್ದ. ಈ ಹುಡುಗನಿಗೆ ಅವಸರದಲ್ಲಿ ಎ.ಎಲ್.ಎಸ್. ಎಂದು ಚೀಟಿ ಬರೆದು, ಮೂರನೆಯ ವರ್ಷ ಸೂಜಿ ಹಾಕಿದರೆ ಏನಾಗುತ್ತದೆ? ಕಾಯಿಲೆ ನಿಲ್ಲುತ್ತದೆ. ಹಾಕದಿದ್ದರೂ ನಿಲ್ಲುತ್ತಿತ್ತು. ಆದರೆ ವಿಡಿಯೊ ಒಂದು ತಯಾರಾಯಿತು.

ಸೂಜಿಯ ಪರವಾಗಿ ಬರಹದ ಸಾಕ್ಷಿಯೂ ಇದೆ, ಇಲ್ಲವೆಂದರೆ ಅನ್ಯಾಯ. 2015ರಲ್ಲಿ ಮುಂಬೈನ ಒಂದು ತಂಡ 57 ರೋಗಿಗಳ ಹಿಂದಿನ ದಾಖಲೆ ತೆಗೆದು ನೋಡಿ ವರದಿ ಪ್ರಕಟಿಸಿತು. ಮಜ್ಜೆಯ ಕೋಶ ಪಡೆದ 37 ಜನ ಸರಾಸರಿ ಸುಮಾರು 88 ತಿಂಗಳು ಬದುಕಿದರು, ಪಡೆಯದ 20 ಜನ ಸುಮಾರು 57 ತಿಂಗಳು. ಎರಡೂವರೆ ವರ್ಷದ ವ್ಯತ್ಯಾಸ! ಮಾಸ್ತರ ಮಗಳು ಇದನ್ನೂ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದಳು. ಅವಳಿಗೆ ನಾನು ಕೇಳಿದ್ದು ಇಷ್ಟೇ: ಆ 37 ಜನ ಯಾರು, ಆ 20 ಜನ ಯಾರು, ಯಾರನ್ನು ಯಾವ ಕಡೆಗೆ ಹಾಕಿದವರು ಯಾರು?

ಚಿಂಚೋಳಿಯ ಒಂದು ತಾಂಡಾದಲ್ಲಿ ಇಬ್ಬರಿಗೆ ಒಂದೇ ದಿನ ಈ ಕಾಯಿಲೆ ಶುರುವಾಯಿತು ಅಂದುಕೊಳ್ಳಿ. ಒಬ್ಬನದು ಬಿರುಸಿನ ಓಟ. ಒಂದೂವರೆ ವರ್ಷಕ್ಕೆ ಹಾಸಿಗೆ ಹಿಡಿದ. ಇನ್ನೊಬ್ಬನದು ಮೆಲ್ಲನೆಯ ಓಟ. ನಾಲ್ಕು ವರ್ಷವಾದರೂ ಬಸ್ ಹತ್ತಬಲ್ಲ. ಮುಂಬೈಗೆ ಹೋಗಿ ಸೂಜಿ ಹಾಕಿಸಿಕೊಳ್ಳುವವನು ಯಾರು? ಎರಡನೆಯವನೇ. ಕಾಯಿಲೆ ಶುರುವಾದಂದಿನಿಂದ ಎಣಿಸಿದರೆ ಸೂಜಿಗೆ ಮುಂಚಿನ ನಾಲ್ಕು ವರ್ಷವೂ ಸೂಜಿಯ ಖಾತೆಗೆ ಜಮಾ ಆಗುತ್ತದೆ. ಮೊದಲನೆಯವನು ಯಾರ ಖಾತೆಯಲ್ಲೂ ಇಲ್ಲದೆ ಹೋಗುತ್ತಾನೆ. ದುಡ್ಡಿದ್ದವರು, ನೋಡಿಕೊಳ್ಳುವವರಿದ್ದವರು, ಉಸಿರಿನ ಯಂತ್ರ ಕೊಳ್ಳಬಲ್ಲವರು ಒಂದೇ ಕಡೆ ಸೇರಿಕೊಳ್ಳುತ್ತಾರೆ. ಇದು ಆ ತಂಡ ಮೋಸ ಮಾಡಿತು ಅನ್ನುವ ಮಾತಲ್ಲ. ಹಿಂದೆ ತಿರುಗಿ ನೋಡುವ ಲೆಕ್ಕಕ್ಕೆ ಹುಟ್ಟಿನಿಂದಲೇ ಬಂದ ಕುಂದು ಇದು. ಜತೆಗೆ, ನಿಮ್ಹಾನ್ಸ್‌ನ 115 ತಿಂಗಳಿನ ಪಕ್ಕದಲ್ಲಿ 88 ನನ್ನ ಕಣ್ಣಿಗೆ ಅಷ್ಟೇನೂ ದೊಡ್ಡದಾಗಿ ಕಾಣುವುದಿಲ್ಲ. ಒಂದು ಮಧ್ಯಾಂಕ, ಇನ್ನೊಂದು ಸರಾಸರಿ, ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಬಾರದು ಎಂದು ನನ್ನ ವಿದ್ಯಾರ್ಥಿಗಳೇ ನನ್ನನ್ನು ತಿದ್ದಿಯಾರು, ತಿದ್ದಲಿ.

ತೊಗರಿ ಬೆಳೆಯುವವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ನೆಟೆರೋಗಕ್ಕೆ ಯಾವನೋ ಹೊಸ ಔಷಧಿ ತಂದರೆ ಜಾಣ ರೈತ ಇಡೀ ಹೊಲಕ್ಕೆ ಹೊಡೆಯುವುದಿಲ್ಲ. ನಾಲ್ಕು ಸಾಲು ಹೊಡೆದು ನಾಲ್ಕು ಸಾಲು ಬಿಡುತ್ತಾನೆ. ಬಿಡುವ ಸಾಲನ್ನು ತಗ್ಗಿನ ನೀರು ನಿಲ್ಲುವ ಕಡೆಯೇ ಆರಿಸಿದರೆ ಔಷಧಿ ಗೆದ್ದೇ ಗೆಲ್ಲುತ್ತದೆ. ಆದ್ದರಿಂದ ಯಾವ ಸಾಲು ಎಂಬುದನ್ನು ಔಷಧಿ ಮಾರುವವನ ಕೈಗೆ ಬಿಡಬಾರದು, ರೈತನ ಕೈಗೂ ಬಿಡಬಾರದು. ಚೀಟಿ ಎತ್ತಬೇಕು.

ಚೀಟಿ ಎತ್ತಿದರೆ ಏನು ಸಿಗುತ್ತದೆ ಎಂದು ತಿಳಿಯಲು ಇಲ್ಲಿಂದ ದೂರವಿಲ್ಲದ ಮಳಖೇಡಕ್ಕೆ ಹೋಗೋಣ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ರೀತಿಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ ಅದರಲ್ಲಿದೆ. ಉದಾಹರಣೆಗೆ ಅವನು ತೆಗೆದುಕೊಂಡದ್ದು ಆರು ರುಚಿಗಳನ್ನು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ. ಆರರಲ್ಲಿ ಮೂರನ್ನು ಆರಿಸುವ ದಾರಿ ಇಪ್ಪತ್ತು. ಈಗ ರುಚಿಯ ಜಾಗದಲ್ಲಿ ಆರು ರೋಗಿಗಳನ್ನು ಇಡಿ. ಚೀಟಿ ಎತ್ತಿ ಮೂವರಿಗೆ ಸೂಜಿ, ಮೂವರಿಗೆ ಬರೀ ದ್ರವ. ವರ್ಷದ ನಂತರ ಮೊದಲ ಮೂರು ಸ್ಥಾನ ಸೂಜಿಯ ಮೂವರಿಗೇ ಬಂತು. ಸೂಜಿಯಲ್ಲಿ ಏನೂ ಇಲ್ಲದಿದ್ದರೆ ಹೀಗಾಗುವ ಸಂಭವ ಇಪ್ಪತ್ತರಲ್ಲಿ ಒಂದು. ಜಗತ್ತಿನ ವೈದ್ಯಪತ್ರಿಕೆಗಳೆಲ್ಲ ಪೂಜೆ ಮಾಡುವ 0.05 ಎಂಬ ಗಡಿಯೂ ಇಪ್ಪತ್ತರಲ್ಲಿ ಒಂದೇ. ನಾನು ತರಗತಿಯಲ್ಲಿ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫಿಶರನ ಚಹಾದ ಕಥೆ ಬಿಟ್ಟು ಮಳಖೇಡದ ಆರು ರುಚಿಯಿಂದಲೇ ಪಾಠ ಶುರು ಮಾಡುತ್ತಿದ್ದೆ. ಚೀಟಿ ಎತ್ತದಿದ್ದರೆ ಈ ಇಪ್ಪತ್ತು ಎಂಬ ಎಣಿಕೆಗೇ ಅರ್ಥವಿಲ್ಲ. ಎಣಿಸಲು ಏನೂ ಇರುವುದಿಲ್ಲ.

ಹಾಗೆ ಚೀಟಿ ಎತ್ತಿ ಮಾಡಿದ ದೊಡ್ಡ ಪ್ರಯೋಗ ಯಾವುದು? ಇಸ್ರೇಲ್ ಮೂಲದ ಬ್ರೈನ್‌ಸ್ಟಾರ್ಮ್ ಕಂಪನಿಯ ನ್ಯುರೋನ್ ಎಂಬ ಚಿಕಿತ್ಸೆಯದು. ರೋಗಿಯದೇ ಮಜ್ಜೆಯ ಕೋಶಗಳನ್ನು ಬೆಳೆಸಿ, ನರಪೋಷಕಗಳನ್ನು ಹೆಚ್ಚು ಸುರಿಸುವಂತೆ ಹದಗೊಳಿಸಿ, ಬೆನ್ನಿನ ಮೂಲಕ ಮೂರು ಸಲ ಕೊಟ್ಟರು. ಅಮೆರಿಕದಲ್ಲಿ 196 ರೋಗಿಗಳು ಸೇರಿದ್ದರು. ಅರ್ಧ ಜನರಿಗೆ ಕೋಶ, ಅರ್ಧ ಜನರಿಗೆ ಕೋಶವಿಲ್ಲದ ದ್ರವ. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಅಂಕ ಹಾಕುವವರಿಗೂ ಗೊತ್ತಿಲ್ಲ. ಗುಟ್ಟು ಒಡೆಯಬಾರದೆಂದು ಎಲ್ಲರ ಸೊಂಟದಿಂದಲೂ ಮಜ್ಜೆ ತೆಗೆದರು. ಇಳಿಜಾರಿನ ವೇಗ ತಿಂಗಳಿಗೆ 1.25 ಅಂಕದಷ್ಟಾದರೂ ಸುಧಾರಿಸಿದವರನ್ನು ‘ಗುಣ ಕಂಡವರು’ ಎಂದು ಎಣಿಸಬೇಕೆಂದು ಮೊದಲೇ ಬರೆದಿಟ್ಟುಕೊಂಡಿದ್ದರು. 28 ವಾರದ ಮೇಲೆ ಚೀಟಿ ಬಿಚ್ಚಿದರು. 2020ರ ನವೆಂಬರಿನಲ್ಲಿ ಫಲಿತಾಂಶ ಬಂತು.

ಕೋಶ ಪಡೆದವರಲ್ಲಿ ನೂರಕ್ಕೆ 33 ಜನ ಗುಣ ಕಂಡವರು.

ಇಲ್ಲಿಗೇ ನಿಲ್ಲಿಸಿದ್ದರೆ ಏನಾಗುತ್ತಿತ್ತು ನೋಡಿ. ಮೂವರಲ್ಲಿ ಒಬ್ಬರಿಗೆ ಗುಣ! ಅವರ ಕಪ್, ಅವರ ಕೈಮುಗಿತ, ಅವರ ಹೆಂಡತಿಯ ಕಣ್ಣೀರು, ಎಲ್ಲವೂ ನಿಜ. ನಾನೇ ಆಗಿದ್ದರೂ ಎರಡೆಕರೆ ಮಾರಿ ಎಂದುಬಿಡುತ್ತಿದ್ದೆ. ಆದರೆ ಬರೀ ದ್ರವ ಪಡೆದವರಲ್ಲಿ ಗುಣ ಕಂಡವರು ನೂರಕ್ಕೆ 28. ಸೂಜಿಯಲ್ಲಿ ಏನೂ ಶಕ್ತಿ ಇಲ್ಲದಿದ್ದರೂ ಇಷ್ಟಾದರೂ ಅಂತರ ನೂರರಲ್ಲಿ 45 ಸಲ ಬರಬಹುದು. ನಾಣ್ಯ ಚಿಮ್ಮಿದಷ್ಟೇ ಬೆಲೆ. ಕೋಶವಿಲ್ಲದ ನೀರಿನಿಂದ ನೂರಕ್ಕೆ 28 ಜನ ಹೇಗೆ ಸುಧಾರಿಸಿದರು? ಬಿರುಸಾಗಿ ಇಳಿಯುತ್ತಿದ್ದವರನ್ನೇ ಈ ಪ್ರಯೋಗಕ್ಕೆ ಆರಿಸಿದ್ದರು. ಅತಿ ಬಿರುಸಿನ ಕೆಲವು ತಿಂಗಳ ನಂತರ ಸ್ವಲ್ಪ ಮೆತ್ತಗಾಗುವುದು ಈ ಕಾಯಿಲೆಯ ಏರುಪೇರಿನಲ್ಲೇ ಇದೆ. ಜನ ಆಸ್ಪತ್ರೆಗೆ ಓಡುವುದೂ ಆ ಬಿರುಸಿನ ತಿಂಗಳಲ್ಲೇ. ಇದೊಂದನ್ನು ತಿಳಿದರೆ ಅರ್ಧಕ್ಕರ್ಧ ಪವಾಡಗಳ ಗುಟ್ಟು ತಿಳಿದಂತೆ.

ಕಂಪನಿ ಬಿಡಲಿಲ್ಲ. ಕಾಯಿಲೆ ಇನ್ನೂ ಹೆಚ್ಚು ಮುಂದುವರಿಯದವರಲ್ಲಿ, ಅಂದರೆ ಅಂಕ 35 ಅಥವಾ ಮೇಲಿದ್ದವರಲ್ಲಿ, ಗುಣ ಕಂಡವರು ಒಂದು ಕಡೆ ನೂರಕ್ಕೆ 35, ಇನ್ನೊಂದು ಕಡೆ ನೂರಕ್ಕೆ 16 ಎಂಬಷ್ಟು ಅಂತರವಿದೆ ಎಂದಿತು. ತೀರ ತಳ ಮುಟ್ಟಿದವರ ಅಂಕ ಇನ್ನೆಲ್ಲಿಗೆ ಇಳಿಯಬೇಕು, ಅಳತೆಗೋಲಿನದೇ ದೋಷ ಎಂದು ವಾದಿಸಿತು. ಆ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಗುಂಪು ಸಣ್ಣದು, ಆ ಅಂತರವೂ ಆಕಸ್ಮಿಕದ ಗಡಿಯೊಳಗೇ ಇತ್ತು. ಹತ್ತು ಕಡೆ ಬೋರ್ ಹೊಡೆಸಿ ನೀರು ಬಂದ ಒಂದನ್ನೇ ತೋರಿಸುವವನು ನೀರು ಕಾಣುವ ವಿದ್ಯೆ ಬಲ್ಲವನಲ್ಲ. 2023ರ ಸೆಪ್ಟೆಂಬರ್ 27ರಂದು ಅಮೆರಿಕದ ಔಷಧ ಇಲಾಖೆಯ ಸಲಹಾ ಸಮಿತಿ ಕೂತಿತು. ರೋಗಿಗಳು, ಮನೆಯವರು ಬಂದು ತಮ್ಮ ಅನುಭವ ಹೇಳಿದರು. ಸಮಿತಿ ಎಲ್ಲವನ್ನೂ ಕೇಳಿ, ಸಾಕಷ್ಟು ಪುರಾವೆ ಇಲ್ಲ ಎಂದು 17 ಮತ, ಇದೆ ಎಂದು ಒಂದು ಮತ ಕೊಟ್ಟಿತು, ಒಬ್ಬರು ತಟಸ್ಥ. ಮುಂದಿನ ತಿಂಗಳು ಕಂಪನಿ ಅರ್ಜಿ ಹಿಂದಕ್ಕೆ ಪಡೆಯಿತು. ದಕ್ಷಿಣ ಕೊರಿಯಾ 2014ರಲ್ಲೇ ಇನ್ನೊಂದು ಮಜ್ಜೆಕೋಶದ ಚಿಕಿತ್ಸೆಗೆ ಷರತ್ತಿನ ಅನುಮತಿ ಕೊಟ್ಟಿತ್ತು. ಹತ್ತು ವರ್ಷದ ಮೇಲೆ, 2024ರ ಕೊನೆಗೆ, ಅದರ ಮೂರನೆಯ ಹಂತದ ಪ್ರಯೋಗವೂ ಮುಖ್ಯ ಗುರಿ ಮುಟ್ಟಲಿಲ್ಲ.

ಇದು ಆಕರಕೋಶಕ್ಕೆ ಮಾತ್ರ ಅಂಟಿದ ಶನಿಯಲ್ಲ. 2008ರಲ್ಲಿ ಇಟಲಿಯಿಂದ ಒಂದು ಸುದ್ದಿ ಬಂತು: ಲಿಥಿಯಂ ಕೊಟ್ಟ 16 ಜನರಲ್ಲಿ 15 ತಿಂಗಳಲ್ಲಿ ಒಬ್ಬರೂ ಸಾಯಲಿಲ್ಲ. ಜಗತ್ತಿನ ರೋಗಿಗಳೆಲ್ಲ ಲಿಥಿಯಂ ಹಿಂದೆ ಬಿದ್ದರು. ಮೇಲಿಂದ ಮೇಲೆ ಚೀಟಿ ಎತ್ತಿ ಪರೀಕ್ಷಿಸಿದಾಗ ಏನೂ ಸಿಗಲಿಲ್ಲ. ರೆಲಿವ್ರಿಯೊ ಎಂಬ ಪುಡಿಗೆ 137 ಜನರ ಪ್ರಯೋಗದ ಬಲದ ಮೇಲೆ 2022ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. 664 ಜನರ ಪ್ರಯೋಗದಲ್ಲಿ ಅದು ಸೋತಿತು. 2024ರಲ್ಲಿ ಕಂಪನಿಯೇ ಅದನ್ನು ಮಾರುಕಟ್ಟೆಯಿಂದ ವಾಪಸು ತೆಗೆದುಕೊಂಡಿತು. ಸೋತ ಮೇಲೆ ಅಂಗಡಿ ಮುಚ್ಚಿದವರಿಗೆ ನಾನು ಎದ್ದು ನಿಂತು ನಮಸ್ಕಾರ ಮಾಡುತ್ತೇನೆ.

ಆಕರಕೋಶ ಎಂಬ ಹೆಸರು ಕೇಳಿದೊಡನೆ ಸುಳ್ಳು ಅನ್ನುವುದೂ ತಪ್ಪು. ರಕ್ತದ ಕಾಯಿಲೆಗಳಿಗೆ ಮಜ್ಜೆ ಕಸಿ ದಶಕಗಳಿಂದ ಜೀವ ಉಳಿಸುತ್ತಿದೆ. ನಮ್ಮ ಬೆಂಗಳೂರಿನದೇ ಸ್ಟೆಂಪ್ಯುಟಿಕ್ಸ್ ಎಂಬ ಸಂಸ್ಥೆ, ಬೀಡಿ ಸಿಗರೇಟು ಸೇದುವವರ ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಬರ್ಜರ್ ಕಾಯಿಲೆಗೆ ಆಕರಕೋಶದ ಔಷಧ ತಯಾರಿಸಿ, ಪ್ರಯೋಗ ಮಾಡಿ, 2020ರಲ್ಲಿ ದೇಶದ ಔಷಧ ನಿಯಂತ್ರಕರ ಅನುಮತಿ ಪಡೆಯಿತು. ದಾರಿ ಇದೆ, ಉದ್ದವಾಗಿದೆ, ಅಷ್ಟೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುವುದೂ ಇದನ್ನೇ: ರಕ್ತದ ಕಾಯಿಲೆಗಳ ಮಜ್ಜೆ ಕಸಿಯಂಥ ಒಪ್ಪಿತ ಬಳಕೆ ಬಿಟ್ಟರೆ ಮಿಕ್ಕದ್ದೆಲ್ಲ ಪ್ರಯೋಗವಾಗಿಯೇ ನಡೆಯಬೇಕು, ಚಿಕಿತ್ಸೆ ಎಂದು ಮಾರಬಾರದು. ಎ.ಎಲ್.ಎಸ್. ಆ ಒಪ್ಪಿತ ಪಟ್ಟಿಯಲ್ಲಿಲ್ಲ. ಪ್ರಯೋಗವಾದರೆ ದೇಶದ ಪ್ರಯೋಗ ನೋಂದಣಿಯಲ್ಲಿ ಅದಕ್ಕೊಂದು ನಂಬರು ಇರುತ್ತದೆ, ಸೂಜಿಗಾಗಿ ರೋಗಿಯಿಂದ ಹಣ ಕೇಳುವುದಿಲ್ಲ. ನಂಬರು ಕೇಳಿ ನೋಡಿ. ಬಿಲ್ ತೋರಿಸಿದರೆ ಎದ್ದು ಬನ್ನಿ.

ಒಂದು ಆಕ್ಷೇಪಕ್ಕೆ ನಾನು ಉತ್ತರ ಕೊಡಲೇಬೇಕು. ಸಾಯುತ್ತಿರುವವನ ಸೊಂಟಕ್ಕೆ ಸೂಜಿ ಚುಚ್ಚಿ, ಮಜ್ಜೆ ತೆಗೆದು, ಬರೀ ನೀರು ಕೊಡುವುದು ಯಾವ ಧರ್ಮ? ಮಾಸ್ತರ ಹೆಂಡತಿ ಇದನ್ನು ಕೇಳಿದರು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆ ನೋವು ನಿಜವಾದದ್ದು; ಅದಕ್ಕೇ ಹೊಸ ಪ್ರಯೋಗಗಳನ್ನು ಬೇರೆ ರೀತಿಯಲ್ಲಿ ಕಟ್ಟುತ್ತಿದ್ದಾರೆ. 2020ರಲ್ಲಿ ಬಾಸ್ಟನ್ನಿನಲ್ಲಿ ಶುರುವಾದ ಹೀಲಿ ಪ್ರಯೋಗದಲ್ಲಿ ಹಲವು ಔಷಧಗಳಿಗೆ ಒಂದೇ ಹೋಲಿಕೆಯ ಗುಂಪು. ನಾಲ್ವರಲ್ಲಿ ಮೂವರಿಗೆ ನಿಜವಾದ ಔಷಧ ಸಿಗುತ್ತದೆ. ಆದರೆ ಮಾರುವ ದಾರಿಯಲ್ಲಿ ಏನಾಯಿತು ಎಂದು ನಾನು ತಿರುಗಿ ಕೇಳುತ್ತೇನೆ. ಇಷ್ಟು ವರ್ಷ, ಇಷ್ಟು ಊರುಗಳಲ್ಲಿ, ಇಷ್ಟೊಂದು ಜನ ಹೊಲ ಮನೆ ಮಾರಿ ಸೂಜಿ ಹಾಕಿಸಿಕೊಂಡರು. ಅವರೂ ಬೆನ್ನು ಒಡ್ಡಿದರು, ಅವರಿಗೂ ತಲೆನೋವು ಬಂತು. ಅವರ ಪಕ್ಕ ಹೋಲಿಸಿ ನೋಡಲು ಯಾರೂ ಇರಲಿಲ್ಲವಾದ್ದರಿಂದ ಮುಂದಿನವನಿಗೆ ಹೇಳಲು ಒಂದು ವಾಕ್ಯವೂ ಉಳಿಯಲಿಲ್ಲ. ಆ 196 ಜನರಲ್ಲಿ ನೀರು ಪಡೆದವರು ನಮಗೊಂದು ಅಂಕಿ ಬಿಟ್ಟುಹೋದರು: 28. ಮೇಲೆ ನಾನು ಆಡಿದ ಮಾತೆಲ್ಲ ಅವರ ಋಣ.

ಮಾಸ್ತರ ಮಗಳಿಗೆ ನಾನು ಹೇಳಿದ್ದು, ‘ನಿಧಾನ ಆಗೂದಿಲ್ಲ ಅಂತ ನಾ ಹೇಳಲಾರೆ ತಾಯಿ. ನಿಧಾನ ಆಗತದ ಅಂತ ಇವತ್ತಿನವರೆಗೂ ಯಾರೂ ತೋರಿಸಿಲ್ಲ. ಎರಡೂ ಒಂದೇ ಅಲ್ಲ. ಆದರ ಹೊಲ ಮಾರೂ ಮಾತಿಗೆ ಎರಡೂ ಒಂದೇ.’ ಆಗ ಆ ದುಡ್ಡನ್ನು ಏನು ಮಾಡಬೇಕು ಎಂಬ ಪ್ರಶ್ನೆ ಬಂತು. ರಾತ್ರಿ ಮುಖಕ್ಕೆ ಕಟ್ಟಿಕೊಳ್ಳುವ ಉಸಿರಿನ ಯಂತ್ರದಿಂದ ಆಯುಸ್ಸೂ ನಿದ್ದೆಯೂ ಹೆಚ್ಚುತ್ತದೆ ಎಂಬುದಕ್ಕೆ ಚೀಟಿ ಎತ್ತಿದ ಪ್ರಯೋಗದ ಆಧಾರವಿದೆ. 2006ರಲ್ಲಿ ಇಂಗ್ಲೆಂಡಿನಲ್ಲಿ ಆದದ್ದು. ನುಂಗಲು ಆಗದಾಗ ಹೊಟ್ಟೆಗೆ ನಳಿಕೆ, ಕೆಮ್ಮಲು ಆಗದಾಗ ನೆರವು, ಮಾತು ಹೋಗುವ ಮುಂಚೆ ದನಿ ಮುದ್ರಿಸಿಡುವುದು. ಇವ್ಯಾವುವೂ ವಿಡಿಯೊಕ್ಕೆ ಒಗ್ಗುವ ಸಂಗತಿಗಳಲ್ಲ.

ಅವಳು ಅಂಕ ಬರೆದಿಡಲು ಕಲಿತಳು. ಅಡಿಗೆಮನೆಯ ಕ್ಯಾಲೆಂಡರಿನಲ್ಲಿ, ಪ್ರತಿ ಅಮವಾಸ್ಯೆಯ ದಿನ, ಕೆಂಪು ಪೆನ್ನಿನಿಂದ. ಸೂಜಿಯ ಆಸೆ ಮನೆಯಲ್ಲಿ ಪೂರ್ತಿ ಹೋಗಿರಲಿಲ್ಲ. ದಸರೆಗೆ ಹೋಗಿಬರೋಣ ಎಂದು ದಿನವನ್ನೂ ಗೊತ್ತು ಮಾಡಿದ್ದರಂತೆ. ಪಹಣಿಯಲ್ಲಿ ಕಾಕಾನ ಹೆಸರೂ ಇತ್ತು, ಕಾಕಾ ಸಹಿ ಹಾಕಲಿಲ್ಲ, ವ್ಯವಹಾರ ಮುರಿಯಿತು. ಯುಗಾದಿಯ ಮುಂಚೆ ನಾನು ಹೋದಾಗ ಕ್ಯಾಲೆಂಡರಿನ ಹಾಳೆಗಳನ್ನು ತಿರುವಿ ತೋರಿಸಿದಳು. ಜೂನಿನಲ್ಲಿ 38. ಆಮೇಲೆ 37, 35. ಸೆಪ್ಟೆಂಬರಿನಲ್ಲಿ 34. ಅಕ್ಟೋಬರಿನಲ್ಲಿ 34, ನವೆಂಬರಿನಲ್ಲೂ 34. ಎಳ್ಳ ಅಮವಾಸ್ಯೆಗೆ ಎತ್ತಿಕೊಂಡು ಹೊಲಕ್ಕೆ ಕರೆದೊಯ್ದಾಗ ಮಾಸ್ತರು ತಾವೇ ಸಜ್ಜೆರೊಟ್ಟಿ ಮುರಿದು ಭಜ್ಜಿ ಹಚ್ಚಿ ತಿಂದಿದ್ದರು, ಅವತ್ತು 35. ಜನವರಿಯಲ್ಲಿ ಮತ್ತೆ 34.

ಅವಳು ದಸರೆಯ ಮನೆಯ ಮೇಲೆ ಬೆರಳಿಟ್ಟು, ‘ಇಲ್ಲಿ ಸೂಜಿ ಹಾಕ್ಸಿದ್ವಿ ಅಂದ್ರ...’ ಎಂದು ಸುಮ್ಮನಾದಳು.

ಮಾಸ್ತರು ಖಾಟಿನ ಮೇಲೆ ಕೂತಿದ್ದರು. ಮಾತು ಆಗಲೇ ತೊದಲುತ್ತಿತ್ತು, ಎರಡು ಸಲ ಹೇಳಿಸಿಕೊಳ್ಳಬೇಕಾಯಿತು. ‘ವಿಡಿಯೊದಾಗ ನಾನೇ ಇರತಿದ್ದೆ’ ಅಂದರು, ಅಂದು ಬಹಳ ಹೊತ್ತು ನಕ್ಕರು.

ಫೆಬ್ರವರಿಯ ಹಾಳೆಯಲ್ಲಿ 32 ಎಂದಿತ್ತು, ಮಾರ್ಚಿನಲ್ಲಿ 31.